ಒಬ್ಬಳಿಗೇ ಬರೆಸಿದ ಪರೀಕ್ಷೆ

ನನ್ನಲ್ಲಿ ಭೇದಭಾವ ಇಲ್ಲ ಎಂದು ನಾನು ಹದಿನೆಂಟು ವರ್ಷ ಹೇಳಿಕೊಂಡು ತಿರುಗಿದೆ. ಯಾರೂ ಕೇಳಿರಲಿಲ್ಲ. ಕೇಳದೆ ಹೇಳುವ ಮಾತಿನಲ್ಲಿ ಹುಳುಕು ಇರುತ್ತದೆ ಎಂದು ವ್ಯಾಪಾರಿ ಮನೆಯಲ್ಲಿ ಹುಟ್ಟಿದವಳಿಗೆ ತಿಳಿದಿರಬೇಕಿತ್ತು. ಗಿರಾಕಿ ಬಾಯಿ ಬಿಡುವ ಮೊದಲೇ ‘ಬಣ್ಣ ಹೋಗೂದಿಲ್ರಿ’ ಎಂದು ಕೊಟ್ಟ ಬಟ್ಟೆ ಮೊದಲ ನೀರಿಗೇ ಬಣ್ಣ ಬಿಡುತ್ತದೆ. ಇದು ನಮ್ಮ ಅಂಗಡಿಯಲ್ಲಿ ಎಲ್ಲರಿಗೂ ಗೊತ್ತಿದ್ದ ಸತ್ಯ.

ನಮ್ಮದು ಸೋಲಾಪುರದಲ್ಲಿ ಚಾದರ, ಟಾವೆಲ್‌ಗಳ ಅಂಗಡಿ. ಅಕ್ಕಲಕೋಟ ರಸ್ತೆಯ ಎಂಐಡಿಸಿ ಕೈಗಾರಿಕಾ ಪ್ರದೇಶದ ಮಗ್ಗಗಳಿಂದ ಮಾಲು ಬರುತ್ತಿತ್ತು. ಬಂದ ಗಿರಾಕಿಯನ್ನು ಅಪ್ಪ ಗಾದಿಯ ಮೇಲೆ ಕೂರಿಸಿ, ಹತ್ತು ಚಾದರ ಬಿಚ್ಚಿ ಮುಂದೆ ಹರವುತ್ತಿದ್ದರು. ಕೊಳ್ಳದೆ ಎದ್ದು ಹೋದರೂ ಮುಖ ಸಣ್ಣದು ಮಾಡುತ್ತಿರಲಿಲ್ಲ. ಆದರೆ ಊರಾಚೆಯ ವಸ್ತಿಯ ಹೆಂಗಸರು ಬಂದರೆ ಅವರು ಪಾವಟಿಗೆಯ ಕೆಳಗೇ ನಿಲ್ಲಬೇಕು. ಅವರಿಗೆ ಒಂದೊಂದೇ ಚಾದರ ತೋರಿಸಬೇಕು. ‘ಮೊದಲ ಇದನ್ನ ಮಡಚು, ಆಮ್ಯಾಲ ಇನ್ನೊಂದು ತಗಿ’ ಎಂದು ಅಪ್ಪ ನನಗೆ ಹೇಳುತ್ತಿದ್ದರು. ಸೂಟಿಯ ದಿನಗಳಲ್ಲಿ ಮಡಚುವ ಕೆಲಸ ನನ್ನದು. ಯಾಕೆ ಹಾಗೆ ಎಂದು ಒಮ್ಮೆ ಕೇಳಿದ್ದೆ. ‘ಅದು ರೀತಿ’ ಎಂದರು, ಅಷ್ಟೇ. ಅಪ್ಪ ಕೆಟ್ಟವರಲ್ಲ. ಯಾರಿಗೂ ಒಂದು ಬಿರುಸು ಮಾತು ಆಡಿದವರಲ್ಲ. ರೀತಿ ಇದ್ದಾಗ ಮಾತಿನ ಅಗತ್ಯವೇ ಬೀಳುವುದಿಲ್ಲ.

ಇನ್ನು ನನ್ನ ಪಾಲಿಗೂ ಒಂದು ಗಾಯ ಇತ್ತು, ಅದನ್ನು ನಾನು ಒಡವೆಯ ಹಾಗೆ ಜೋಪಾನ ಮಾಡಿದ್ದೆ. ಮರಾಠಿ ಸಾಲಿಯಲ್ಲಿ ಓದುವಾಗ ಒಬ್ಬ ಶಿಕ್ಷಕಿ ನನ್ನನ್ನು ಹೆಸರಿನಿಂದ ಕರೆದದ್ದೇ ಇಲ್ಲ. ‘ಏ ಕಾನಡೀ’ ಅನ್ನುತ್ತಿದ್ದರು, ವರ್ಗ ನಗುತ್ತಿತ್ತು. ಈ ನೋವು ಉಂಡವಳು ಇನ್ನೊಬ್ಬರಿಗೆ ಹೇಗೆ ಬಡಿಸಿಯೇನು ಎಂಬುದೇ ನನ್ನ ಧೈರ್ಯ. ಅತ್ತೆಯ ಕೈಯಲ್ಲಿ ನೊಂದ ಸೊಸೆಯೇ ಮುಂದೆ ಅತ್ತೆಯಾಗುವುದನ್ನು ಮನೆಮನೆಯಲ್ಲಿ ನೋಡಿಯೂ ನನಗೆ ಬುದ್ಧಿ ಬಂದಿರಲಿಲ್ಲ.

ನಾನು ಕಲಿಸುವುದು ಅಕ್ಕಲಕೋಟದ ಆಚೆಯ ಒಂದು ಹಳ್ಳಿಯ ಕನ್ನಡ ಸಾಲಿಯಲ್ಲಿ. ದಿನಾ ಸೋಲಾಪುರದಿಂದ ಎಸ್‌ಟಿ ಬಸ್ಸಿನಲ್ಲಿ ಹೋಗಿಬರುತ್ತೇನೆ. ಐದನೇ ಇಯತ್ತೆ ನನ್ನ ಪಾಲಿನದು. ಅದೇ ನಮ್ಮ ಸಾಲಿಯ ಕೊನೆಯ ವರ್ಗ. ನಾಲ್ಕನೆಯದಕ್ಕೆ ಒಬ್ಬ ಗುರೂಜಿ, ಮೇಲೆ ಹೆಡ್ ಸರ್. ನಮ್ಮಲ್ಲಿ ಒಂದು ಪದ್ಧತಿ ಇತ್ತು. ವರ್ಷ ಮುಗಿದು ಮಕ್ಕಳು ಮೇಲಿನ ವರ್ಗಕ್ಕೆ ಹೋಗುವಾಗ ಹಳೆಯ ಶಿಕ್ಷಕರು ಹೊಸಬರಿಗೆ ಹೆಸರುಗಳ ಪಟ್ಟಿ ಕೊಡುತ್ತಾರೆ. ಆ ಪಟ್ಟಿಯಲ್ಲಿ ಕೆಲವು ಹೆಸರುಗಳ ಎಡಕ್ಕೆ ಪೆನ್ಸಿಲಿನ ಚುಕ್ಕೆ ಇರುತ್ತದೆ. ‘ಕಣ್ಣಿಡ್ರಿ’ ಎಂದು ಅದರ ಅರ್ಥ. ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ, ಕಾಗದದಲ್ಲಿ ಬರೆಯುವುದೂ ಇಲ್ಲ. ಆ ವರ್ಷ ನನಗೆ ಬಂದ ಪಟ್ಟಿಯಲ್ಲಿ ಐದು ಚುಕ್ಕೆ ಇದ್ದವು. ಐದೂ ಪಾರಧಿ ವಸ್ತಿಯ ಮಕ್ಕಳವು.

ಪಾರಧಿಗಳೆಂದರೆ ಬ್ರಿಟಿಷರು ಹುಟ್ಟಾ ಕಳ್ಳರೆಂದು ಕಾಯ್ದೆ ಬರೆದು ತಂತಿ ಬೇಲಿಯೊಳಗೆ ಕೂಡಿಹಾಕಿದ್ದ ಜನ. ಸೋಲಾಪುರದ ಒಂದು ಭಾಗಕ್ಕೆ ಇವತ್ತಿಗೂ ಸೆಟ್ಲ್‌ಮೆಂಟ್ ಎಂದೇ ಹೆಸರು. ಕಾಯ್ದೆ ಹೋಯಿತು, ಬೇಲಿ ಹೋಯಿತು, ಚುಕ್ಕೆ ಉಳಿಯಿತು. ನಾನು ಪಟ್ಟಿ ಕೈಗೆ ಬಂದ ದಿನವೇ ರಬ್ಬರು ತೆಗೆದುಕೊಂಡು ಐದೂ ಚುಕ್ಕೆ ಅಳಿಸಿದೆ. ಗುರೂಜಿಗೆ ಕಾಣುವ ಹಾಗೆ ಅಳಿಸಿದೆ ಅನ್ನುವುದನ್ನೂ ಹೇಳಿಬಿಡುತ್ತೇನೆ.

ಆ ಐವರಲ್ಲಿ ಒಬ್ಬಳು, ನಾನು ಹೇಳಹೊರಟಿರುವ ಹುಡುಗಿ. ಮನೆಯಲ್ಲಿ ಅವರದೇ ಭಾಷೆ. ಕನ್ನಡ ಕಲಿತದ್ದು ಸಾಲಿಯಲ್ಲಿ, ಮರಾಠಿ ಬಸ್ ಸ್ಟ್ಯಾಂಡಿನಲ್ಲಿ. ಲೆಕ್ಕವನ್ನು ಮಾತ್ರ ಅವಳಿಗೆ ಯಾರೂ ಕಲಿಸಿದ ಹಾಗೆ ಕಾಣುತ್ತಿರಲಿಲ್ಲ, ತಾನೇ ಬರುತ್ತಿತ್ತು. ನಾನು ಫಳಿಯ ಮೇಲೆ ಲೆಕ್ಕ ಬರೆದು ಈಚೆ ತಿರುಗುವಷ್ಟರಲ್ಲಿ ಉತ್ತರ ಹೇಳಿ, ಹೇಳಿದ್ದಕ್ಕೆ ನಾಚಿ ಓಡಣಿಯ ತುದಿ ಕಚ್ಚುತ್ತಿದ್ದಳು. ಅವಳ ಅಪ್ಪ ಊರಿನ ಒಬ್ಬ ದೊಡ್ಡ ಕುಳದ ದ್ರಾಕ್ಷಿ ತೋಟ ಕಾಯುತ್ತಾನೆ. ಇಡೀ ತೋಟ ಅವನಿಗೆ ಬಿಟ್ಟು ಮಾಲಕ ಸೋಲಾಪುರದಲ್ಲಿ ನಿಶ್ಚಿಂತೆಯಿಂದ ಇರುತ್ತಾನೆ. ತೋಟಕ್ಕೆ ನಂಬಿಕೆಯ ಜನ, ಊರೊಳಗೆ ಬಂದರೆ ಕಳ್ಳರು.

ಮಳೆಗಾಲದ ಸುರುವಿನಲ್ಲಿ ಅವಳ ಅವ್ವ ಸಾಲಿಗೆ ಬಂದಿದ್ದಳು. ಒಳಗೆ ಬರಲಿಲ್ಲ, ಬಾಗಿಲಲ್ಲಿ ನಿಂತೇ ಕೇಳಿದಳು.

“ಆ ಸ್ಕಾಲರ್‌ಶಿಪ್ ಪರೀಕ್ಷಾದಾಗ ಹೆಸರ ಬಂದ್ರ ಸೋಲಾಪುರದ ಹಾಸ್ಟೆಲ್‌ಕ ತಗೋತಾರಂತ, ಖರೇ ಏನ್ರಿ ಅಕ್ಕೋರ?”

ಖರೆ ಎಂದೆ. ಅಂಥ ವಸ್ತಿಗಳ ಹುಡುಗಿಯರನ್ನು ಇರಿಸಿಕೊಂಡು ಓದಿಸುವ ಒಂದು ಸಂಸ್ಥೆ ಇತ್ತು. ಐದನೆಯ ಇಯತ್ತೆಯ ಸ್ಕಾಲರ್‌ಶಿಪ್ ಪಟ್ಟಿಯಲ್ಲಿ ಹೆಸರಿದ್ದರೆ ಬೇರೇನೂ ಕೇಳುತ್ತಿರಲಿಲ್ಲ.

“ಬರಲಿಲ್ಲಂದ್ರ ನಮ್ಮ ಅಕ್ಕನ ಕೂಡ ಪುಣೆಕ ಕಳಸೂದಾಗ್ತದ್ರಿ. ಅಲ್ಲಿ ಸಿಗ್ನಲ್‌ದಾಗ ಹೂವ ಮಾರ್ತಾರ್ರಿ ಅವರು. ಇಲ್ಲಿ ಐದನೇದರ ಮುಂದ ಸಾಲಿ ಇಲ್ಲ. ಅಕ್ಕಲಕೋಟಕ ಒಬ್ಬಾಕಿನ್ನ ಹೆಂಗ ಕಳಸ್ಲಿ?”

“ಬರ್ತದ ತಗೋ. ನಿನ್ನ ಮಗಳಿಗೆ ಬರದಿದ್ರ ಈ ಸಾಲ್ಯಾಗ ಯಾರಿಗೂ ಬರೂದಿಲ್ಲ” ಎಂದೆ. ಅವಳು ಕೈ ಮುಗಿದು ಹೋದಳು. ನಾನು ಆ ಮಾತನ್ನು ಮನಸಾರೆ ಆಡಿದ್ದೆ.

ಗಣಪತಿ ಹಬ್ಬಕ್ಕೆ ಮೊದಲು ಘಟಕ ಚಾಚಣಿ, ಅಂದರೆ ಕಿರುಪರೀಕ್ಷೆ, ಆಯಿತು. ಲೆಕ್ಕದಲ್ಲಿ ಮೂವರಿಗೆ ಇಪ್ಪತ್ತೈದಕ್ಕೆ ಇಪ್ಪತ್ತೈದು ಬಂದಿತ್ತು. ಒಬ್ಬ ಕಿರಾಣಿ ಅಂಗಡಿಯವರ ಮಗ, ಒಬ್ಬಳು ಊರ ಪಾಟೀಲರ ಮೊಮ್ಮಗಳು, ಒಬ್ಬಳು ಈ ಹುಡುಗಿ. ಪೇಪರುಗಳು ನನ್ನ ಮೇಜಿನ ಮೇಲಿದ್ದವು. ಗುರೂಜಿ ಚಹಾ ಕುಡಿಯುತ್ತ ಒಂದನ್ನು ಎತ್ತಿಕೊಂಡರು.

“ಪಾರಧ್ಯಾರ ಹುಡುಗಿಗೆ ಇಪ್ಪತ್ತೈದಕ್ಕ ಇಪ್ಪತ್ತೈದು? ಆಕಿ ಮುಂದ ಯಾರ ಕೂತಿದ್ರು ಅದನ್ನ ಮೊದಲ ನೋಡ್ರಿ ಮ್ಯಾಡಮ್” ಎಂದು ನಕ್ಕರು.

ಹೆಡ್ ಸರ್ ನಗಲಿಲ್ಲ. “ಪಾಲಕರು ಯಾರರೆ ಕೇಳಿದ್ರ ಏನ್ ಹೇಳೂದು? ಖಾತ್ರಿ ಇರಬೇಕಲ್ಲ” ಎಂದರು.

ನನಗೆ ಉರಿದುಹೋಯಿತು. ಮುಂದೆ ಕೂತಿದ್ದ ಕಿರಾಣಿಯವರ ಮಗ ಹಿಂದೆ ತಿರುಗಿ ನೋಡಿ ಬರೆದಿರಬಹುದಲ್ಲ ಎಂದು ಯಾರೂ ಹೇಳಲಿಲ್ಲ. ನಾನೂ ಹೇಳಲಿಲ್ಲ. ನಾನು ಹೇಳಿದ್ದು ಇದು:

“ಆಕಿ ನಕಲ ಮಾಡಾಕಿ ಅಲ್ಲ. ಬೇಕಂದ್ರ ನಿಮ್ಮ ಮುಂದ ಕುಂದರಿಸಿ ಬರಸ್ತೀನಿ.”

ಜಗಳದಲ್ಲಿ ಗೆದ್ದೆ ಅಂದುಕೊಂಡೆ. ಮಗುವನ್ನು ಕಳೆದುಕೊಂಡದ್ದು ಆ ಒಂದು ಮಾತಿನಲ್ಲಿ.

ಮಧ್ಯಾಹ್ನ ಮಕ್ಕಳಿಗೆ ಖಿಚಡಿ ಬಡಿಸುವ ಹೊತ್ತಿಗೆ ಅವಳನ್ನು ಹೆಡ್ ಸರ್ ಕೋಣೆಗೆ ಕರೆಸಿದೆವು. ನಾವು ಮೂವರು ಕುರ್ಚಿ ಹಾಕಿಕೊಂಡು ಮೂರು ಕಡೆ ಕೂತೆವು. ಅವಳನ್ನು ನಡುವಿನ ಕುರ್ಚಿಯಲ್ಲಿ ಕೂರಿಸಿದೆವು, ಕಾಲು ನೆಲಕ್ಕೆ ಎಟುಕುತ್ತಿರಲಿಲ್ಲ. ಹೊಸ ಲೆಕ್ಕಗಳನ್ನು ನಾನೇ ಸಣ್ಣ ಚೀಟಿಗಳ ಮೇಲೆ ಬರೆದು ತಂದಿದ್ದೆ. ಒಂದು ಚೀಟಿ ಕೊಡುವುದು, ಬಿಡಿಸಿದ ಮೇಲೆ ಅದನ್ನು ಕೈಯಿಂದ ತೆಗೆದುಕೊಂಡು ಇನ್ನೊಂದು ಕೊಡುವುದು. ಹತ್ತು ಚೀಟಿ. ಹತ್ತನ್ನೂ ಬಿಡಿಸಿದಳು. ಒಮ್ಮೆಯೂ ತಲೆ ಎತ್ತಲಿಲ್ಲ.

ಖಿಚಡಿ ತಟ್ಟೆ ಹಿಡಿದ ಹುಡುಗರು ಕಿಟಕಿಗೆ ಜೋತುಬಿದ್ದಿದ್ದರು. ಅವರಲ್ಲೊಬ್ಬ ಕೇಳಿದ.

“ಏನ್ ಕದ್ದಾಳ್ರಿ ಅಕ್ಕೋರ?”

“ಏನಿಲ್ಲ, ಊಟಕ್ಕ ಹೋಗ್ರಿ” ಎಂದೆ. ‘ಈಕಿಗೆ ಪೂರಾ ಮಾರ್ಕ್ಸ್ ಬಂದಾವ’ ಎಂದು ಹೇಳಲು ನನಗೆ ಎಷ್ಟು ಹೊತ್ತು ಬೇಕಾಗುತ್ತಿತ್ತು? ಹೇಳಲಿಲ್ಲ. ನನ್ನ ಕಣ್ಣು ಗುರೂಜಿಯ ಮುಖದ ಮೇಲಿತ್ತು. ಅವರು ಕೊನೆಯ ಚೀಟಿ ನೋಡಿ, “ಹ್ಞೂಂ, ಹುಶಾರ್ ಅದಾಳ” ಎಂದಾಗ ನನ್ನ ಎದೆ ಉಬ್ಬಿತು. ಅವಳ ಬೆನ್ನು ತಟ್ಟಿ ಕಳಿಸಿದೆ. ಅಷ್ಟರಲ್ಲಿ ಖಿಚಡಿಯ ಪಾತೇಲಿ ತೊಳೆದಿಟ್ಟಿದ್ದರು. ಅವಳು ನಳದ ನೀರು ಕುಡಿದು ವರ್ಗಕ್ಕೆ ಬಂದು ಕೂತಳು. ಅವಳು ಉಂಡಿಲ್ಲ ಎಂಬುದು ನನಗೆ ಹೊಳೆದದ್ದು ಮರಳಿ ಬಸ್ಸಿನಲ್ಲಿ ಕೂತ ಮೇಲೆ.

ಮುಂದಿನ ಚಾಚಣಿಯಲ್ಲಿ ಅವಳಿಗೆ ಹದಿನೈದು ಬಂತು. ಅದರ ಮುಂದಿನದರಲ್ಲಿ ಹದಿನಾಲ್ಕು. ಫಳಿಯ ಮುಂದೆ ಉತ್ತರ ಹೇಳುವುದೂ ನಿಂತಿತು, ಕೇಳಿದರೆ “ಗೊತ್ತಿಲ್ರಿ” ಅನ್ನುತ್ತಿದ್ದಳು. ನಾನು ಮೊದಲು ಮನೆಯ ತೊಂದರೆ ಇರಬೇಕು ಅಂದುಕೊಂಡೆ. ಆಮೇಲೆ ಸಿಟ್ಟು ಬಂತು. ಒಂದು ದಿನ ಇಡೀ ವರ್ಗದೆದುರು ನಿಲ್ಲಿಸಿ ಅಂದೆ: “ನಿನ್ನ ಸಲುವಾಗಿ ನಾ ಎಲ್ಲಾರ ಕೂಡ ಜಗಳ ಆಡೀನಿ. ನೀ ನನ್ನ ಮುಖಕ್ಕ ಹಿಂಗ ಮಸಿ ಬಳೀತಿ?” ಅವಳು ಓಡಣಿಯ ತುದಿ ಕಚ್ಚಿದಳು. ಈ ಸಲ ಅದು ನಾಚಿಕೆಯಲ್ಲ.

ಗುರೂಜಿಗೆ ಸಂತೋಷವೇನೂ ಆಗಲಿಲ್ಲ, ಪಾಪ, ಕನಿಕರದಿಂದಲೇ ಹೇಳಿದರು. “ಮ್ಯಾಡಮ್, ನೀವ್ ಭಾಳ ಜೀವಕ್ಕ ಹಚ್ಕೋತೀರಿ. ಹುಟ್ಟುಗುಣ ಸುಟ್ಟರೂ ಹೋಗೂದಿಲ್ಲ.” ಬರೆಯಲು ಕೈ ಬಾರದ ಮಾತು ಒಂದಿದೆ, ಆದರೂ ಬರೆಯುತ್ತೇನೆ. ಹಾಗಾದರೆ ಆವತ್ತಿನ ಇಪ್ಪತ್ತೈದು ಖರೇನಾ ಎಂದು ಆ ಹೊತ್ತಿಗೆ ನನಗೂ ಅನ್ನಿಸಿತ್ತು. ನನ್ನ ಕಣ್ಣೆದುರೇ ಹತ್ತು ಚೀಟಿ ಬಿಡಿಸಿದ ಮೇಲೂ ಅನ್ನಿಸಿತ್ತು.

ದೀಪಾವಳಿ ಸೂಟಿ ಮುಗಿದ ಮೇಲೆ ಸೋಲಾಪುರದಲ್ಲಿ ಶಿಕ್ಷಕರ ತರಬೇತಿ ಇತ್ತು. ವರ್ಗದಲ್ಲಿ ಸಮಾನತೆ ಎಂಬ ವಿಷಯ. ಇಂಥ ತರಬೇತಿ ಎಂದರೆ ನಮಗೆ ಬಿಸಿ ಊಟ, ಸಹಿ ಮತ್ತು ನಾಲ್ಕಕ್ಕೆ ಮನೆ. ಹೇಳಿಕೊಡಲು ಬಂದವಳು ನಿವೃತ್ತ ಶಿಕ್ಷಕಿ. ದೊಡ್ಡ ಭಾಷಣ ಮಾಡಲಿಲ್ಲ. ಬಂದವಳೇ, “ನಿಮ್ಮ ನಿಮ್ಮ ವರ್ಗದಾಗ ಜಾತಿ, ಜನಾ ನೋಡಿ ಭೇದ ಮಾಡವರು ಯಾರ್ಯಾರು ಅದೀರಿ, ಕೈ ಎತ್ರಿ” ಎಂದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ ಎಲ್ಲರೂ ಒಮ್ಮೆಗೇ ಮಾತಾಡತೊಡಗಿದರು. ನಮ್ಮಲ್ಲಿ ಇಲ್ಲ, ಪಕ್ಕದ ಸಾಲಿಯಲ್ಲಿ ಇದೆ. ಶಿಕ್ಷಕರಲ್ಲಿ ಇಲ್ಲ, ಪಾಲಕರಲ್ಲಿ ಇದೆ.

ನಾನು ಎದ್ದು ನಿಂತೆ. ಚುಕ್ಕೆ ಅಳಿಸಿದ್ದು, ಮೂವರೆದುರು ಹುಡುಗಿಯನ್ನು ಕೂರಿಸಿ ಬರೆಸಿದ್ದು, ಗುರೂಜಿಯ ಬಾಯಿ ಮುಚ್ಚಿಸಿದ್ದು, ಎಲ್ಲ ಹೇಳಿದೆ. ಈಗಿನ ಹದಿನಾಲ್ಕು ಹೇಳಲಿಲ್ಲ. ಚಪ್ಪಾಳೆ ಬಿತ್ತು. ಆಕೆ ಚಪ್ಪಾಳೆ ತಟ್ಟದೆ ಕೇಳಿದಳು.

“ಇಪ್ಪತ್ತೈದು ಇನ್ನಾ ಯಾರಿಗರೆ ಬಂದಿತ್ತೇನ್ರಿ?”

“ಹೌದ್ರಿ, ಇನ್ನಾ ಇಬ್ಬರಿಗೆ.”

“ಅವರಿಬ್ಬರದೂ ಮತ್ತ ಬರಿಸಿದ್ರೇನು?”

ನಾನು ಇಲ್ಲ ಎಂದೆ. ಆಕೆ ಬೈಯಲಿಲ್ಲ. ಬೈದಿದ್ದರೆ ನನಗೂ ಜಗಳವಾಡಲು ಒಂದು ದಾರಿ ಸಿಗುತ್ತಿತ್ತು.

“ಹೆಂಗ ಬರಿಸಿದ್ರಿ?”

“ಒಂದೊಂದ ಚೀಟಿ ಕೊಟ್ಟು. ಒಂದು ತಿರುಗಿ ತಗೊಂಡ ಮ್ಯಾಲ ಇನ್ನೊಂದು.”

“ಯಾಕ ಹಂಗ? ಹತ್ತೂ ಒಂದ ಹಾಳಿ ಮ್ಯಾಲ ಕೊಡಬಹುದಿತ್ತಲ್ಲ.”

ಉತ್ತರ ಹೇಳಲು ಬಾಯಿ ತೆರೆದೆ. ಬಾಯಿಗೆ ಬಂದದ್ದು ಅಪ್ಪನ ಮಾತು, ಅದು ರೀತಿ. ಪಾವಟಿಗೆಯ ಕೆಳಗೆ ನಿಂತ ಹೆಂಗಸರ ಕಡೆ ಒಂದೊಂದೇ ಚಾದರ ಚಾಚಿ, ತಿರುಗಿ ತೆಗೆದುಕೊಂಡು ಮಡಚುತ್ತಿದ್ದ ಹತ್ತು ವರ್ಷದ ನನ್ನ ಕೈ ನೆನಪಾಯಿತು. ಹತ್ತು ವರ್ಷದ ಆ ಕೈಯೇ ಚೀಟಿ ಕೊಟ್ಟಿತ್ತು, ನಾನಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ನಾನೇ ಕೊಟ್ಟಿದ್ದೆ. ಕೂತುಬಿಟ್ಟೆ.

ಮರುದಿನ ಸಾಲಿಗೆ ಹೋದವಳೇ ಕಪಾಟು ತೆಗೆದು ಅವಳ ಹಳೆಯ ಪೇಪರುಗಳನ್ನು ಹೊರಗೆ ಹಾಕಿದೆ. ತಿದ್ದುವಾಗ ಉತ್ತರ ನೋಡಿದ್ದೆನೇ ಹೊರತು ಕಾಗದ ನೋಡಿರಲಿಲ್ಲ. ಹದಿನೈದು ಬಂದ ಪೇಪರನ್ನು ಬೆಳಕಿಗೆ ಹಿಡಿದೆ. ತಪ್ಪು ಉತ್ತರಗಳ ಕೆಳಗೆ ರಬ್ಬರಿನಿಂದ ಉಜ್ಜಿದ ಜಾಗದಲ್ಲಿ ಪೆನ್ಸಿಲಿನ ಅಚ್ಚು ಹಾಗೇ ಉಳಿದಿತ್ತು. ಪ್ರತಿಯೊಂದು ಅಚ್ಚೂ ಸರಿ ಉತ್ತರ. ಸರಿಯಾಗಿ ಬಿಡಿಸಿ, ಎಷ್ಟು ಬಿಟ್ಟರೆ ಯಾರೂ ಕರೆಯುವುದಿಲ್ಲ ಎಂದು ಎಣಿಸಿ, ಅಷ್ಟನ್ನು ಅಳಿಸಿ ತಪ್ಪು ಬರೆದಿದ್ದಳು. ಹದಿನಾಲ್ಕರ ಪೇಪರೂ ಹಾಗೇ ಇತ್ತು. ಫೇಲಾದರೂ ಕರೆಯುತ್ತಾರೆ, ಪೂರ್ತಿ ಬಂದರೂ ಕರೆಯುತ್ತಾರೆ. ನಡುವೆ ಎಲ್ಲೋ ಕಣ್ಣಿಗೆ ಬೀಳದ ಹಾಗೆ ಇರುವುದನ್ನು ಹತ್ತು ವರ್ಷದ ಮಗು ತಾನಾಗಿಯೇ ಕಲಿತುಕೊಂಡಿತ್ತು. ನನ್ನ ಹದಿನೆಂಟು ವರ್ಷದ ನೌಕರಿಯಲ್ಲಿ ನಾನು ಯಾರಿಗೂ ಇಷ್ಟು ಚೆನ್ನಾಗಿ ಏನನ್ನೂ ಕಲಿಸಿರಲಿಲ್ಲ. ಕಪಾಟಿನ ಬಾಗಿಲ ಮರೆಯಲ್ಲಿ ನಿಂತು ಅತ್ತೆ.

ಸ್ಕಾಲರ್‌ಶಿಪ್ ಫಾರ್ಮು ತುಂಬಲು ನಾಲ್ಕು ದಿನ ಉಳಿದಿತ್ತು. ಹದಿನಾಲ್ಕರವರ ಹೆಸರು ಕಳಿಸಿ ಸಾಲಿಯ ನಿಕಾಲು, ಫಲಿತಾಂಶ, ಯಾಕೆ ಕೆಡಿಸುವುದು ಎಂದರು ಹೆಡ್ ಸರ್. ವಾದ ಮಾಡಿ ಅವಳ ಹೆಸರು ಸೇರಿಸಿದೆ. ಅಳಿಸಿದ ಪೇಪರುಗಳನ್ನು ಮಾತ್ರ ತೋರಿಸಲಿಲ್ಲ. ತೋರಿಸಿದ್ದರೆ ಆ ಮೂರು ಕುರ್ಚಿಯ ಮಾತು ಬರುತ್ತಿತ್ತು.

ಸಾಲಿ ಬಿಟ್ಟ ಮೇಲೆ ಅವಳ ಜೊತೆ ವಸ್ತಿಯ ದಾರಿಯಲ್ಲಿ ಸ್ವಲ್ಪ ದೂರ ನಡೆದೆ. ಜನ ಇಲ್ಲದ ಕಡೆ ನಿಂತು ಹೇಳಿದೆ.

“ಆವತ್ತ ನಿನಗ ಮತ್ತ ಬರಿಸಿದ್ದು ನನ್ನ ತಪ್ಪು. ನೀ ನಕಲ ಮಾಡಿಲ್ಲಂತ ನನಗ ಗೊತ್ತಿತ್ತು. ಬರಿಸಬಾರದಿತ್ತು.”

“ಇರಲಿ ಬಿಡ್ರಿ ಅಕ್ಕೋರ” ಎಂದಳು. ದೊಡ್ಡವರ ಮಾತು.

“ಇನ್ನ ಮ್ಯಾಲ ಅಳಸಬ್ಯಾಡ. ಬರೂದೆಲ್ಲಾ ಬರಿ. ಸೋಲಾಪುರಕ ಹೋಗಬೇಕಲ್ಲ?”

“ಹ್ಞೂಂ ರಿ.” ಹಾಸ್ಟೆಲ್ಲಿನಲ್ಲಿ ಎರಡು ಅಂತಸ್ತಿನ ಮಂಚ ಇರುತ್ತವಂತೆ, ತನಗೆ ಮೇಲಿನದು ಬೇಕು ಎಂದಳು. ನಾನು ಹಗುರಾಗಿ ಬಸ್ಸು ಹತ್ತಿದೆ. ಅವಮಾನ ಮಾಡಿದ್ದು ಎಲ್ಲರ ಕಣ್ಣೆದುರು, ತಪ್ಪು ಒಪ್ಪಿಕೊಂಡದ್ದು ಗಿಡದ ಮರೆಯಲ್ಲಿ. ಕಿಟಕಿಗೆ ಜೋತುಬಿದ್ದವರಿಗೆ ಇಂದಿಗೂ ಅವಳು ಏನೋ ಕದ್ದವಳೇ. ಇದು ನನಗೆ ಆವತ್ತು ಹೊಳೆಯಲಿಲ್ಲ ಎಂದರೆ ಸುಳ್ಳು. ಹೊಳೆದಿತ್ತು. ಗುರೂಜಿಯ ಜೊತೆ ದಿನಾ ಚಹಾ ಕುಡಿಯಬೇಕಲ್ಲ.

ಎರಡು ತಿಂಗಳು ನಾನು ಅವಳಿಗೆ ಹಳೆಯ ಪ್ರಶ್ನೆಪತ್ರಿಕೆಗಳನ್ನು ಬಿಡಿಸಲು ಕೊಟ್ಟೆ. ಒಬ್ಬಳೇ ಇದ್ದಾಗ ಎಲ್ಲವನ್ನೂ ಬಿಡಿಸುತ್ತಿದ್ದಳು. ಪರೀಕ್ಷೆಯ ದಿನ ನಮ್ಮ ಮಕ್ಕಳನ್ನು ಅಕ್ಕಲಕೋಟದ ಕೇಂದ್ರಕ್ಕೆ ನಾನೇ ಕರೆದುಕೊಂಡು ಹೋದೆ. ಅವಳು ಎಣ್ಣೆ ಹಚ್ಚಿ ಬಿಗಿಯಾಗಿ ಎರಡು ಜಡೆ ಹಾಕಿಕೊಂಡಿದ್ದಳು. ಉತ್ತರಕ್ಕೆ ಗೋಲ ತುಂಬುವ ಪರೀಕ್ಷೆ, ಕಪ್ಪು ಪೆನ್ನಿನಲ್ಲಿ ತುಂಬಬೇಕು, ಒಮ್ಮೆ ತುಂಬಿದರೆ ಅಳಿಸಲು ಬರುವುದಿಲ್ಲ. ಅಳಿಸಲು ಬರುವುದಿಲ್ಲ ಎಂಬುದೇ ನನಗೆ ಸಮಾಧಾನ ಕೊಟ್ಟಿತ್ತು.

ಎರಡೂ ಪೇಪರು ಮುಗಿದು ಮಕ್ಕಳು ಹೊರಗೆ ಬಂದರು. ಉಳಿದವರು ಕಬ್ಬಿನ ಹಾಲಿನ ಗಾಡಿಯ ಕಡೆ ಓಡಿದರು. ಅವಳು ನನ್ನ ಬಳಿ ನಿಂತಳು.

“ಹೆಂಗಿತ್ತು?”

“ಸಸಾರ ಇತ್ತರಿ. ಎಲ್ಲಾ ಬರತಿದ್ದವು.”

“ಎಲ್ಲಾ ತುಂಬೀದಿ ಅಲ್ಲ?”

ಅವಳು ತಲೆ ಅಲ್ಲಾಡಿಸಿದಳು. “ಅರ್ಧಾ ತುಂಬೀನ್ರಿ. ಉಳದ್ವು ಹಂಗ ಬಿಟ್ಟೀನಿ.”

“ಯಾಕವ್ವಾ? ನಾ ಹೇಳಿದ್ದಿಲ್ಲೇನು?”

“ಇಲ್ಲಿ ನಮ್ಮ ಸಾಲಿಯವರು ಇಲ್ರಿ, ಎಲ್ಲಾ ಬ್ಯಾರೆ ಸರ್ ಅದಾರ. ಎಲ್ಲಾ ಬಂದ್ರ ಮತ್ತ ಕರೀತಾರ. ಮತ್ತ ನೀವ ಬಂದು ಜಗಳ ಆಡಬೇಕು. ನಿಮಗ ತ್ರಾಸ ಆಗ್ತದಲ್ರಿ ಅಕ್ಕೋರ.”

ಸಮಾಧಾನ ಮಾಡುವ ದನಿಯಲ್ಲಿ ಹೇಳಿದಳು, ನಾನು ಸಣ್ಣವಳು, ಅವಳು ದೊಡ್ಡವಳು ಎಂಬ ಹಾಗೆ. ಹೇಳಿ, ತಾನೂ ಕಬ್ಬಿನ ಹಾಲು ಕುಡಿಯಲೇ ಎಂದು ಕೇಳಿದಳು.

ನಿಕಾಲು ಬಂದಾಗ ಕಿರಾಣಿಯವರ ಮಗನ ಹೆಸರು ಪಟ್ಟಿಯಲ್ಲಿತ್ತು, ಅವಳದು ಇರಲಿಲ್ಲ. ಹೆಡ್ ಸರ್ ನನ್ನ ಮುಖ ನೋಡಿದರು. ಅವಳ ಅವ್ವನಿಗೆ ವಿಷಯ ತಿಳಿಸಲು ವಸ್ತಿಗೆ ಹೋಗುವ ಧೈರ್ಯಕ್ಕೆ ನನಗೆ ಹತ್ತು ದಿನ ಹಿಡಿಯಿತು, ಅಷ್ಟರಲ್ಲಿ ಸುದ್ದಿ ಅಲ್ಲಿಗೆ ಮುಟ್ಟಿತ್ತು. ಅವ್ವ ಹಾಸಿಗೆ ಹಾಸಿ ನನ್ನನ್ನು ಕೂರಿಸಿದಳು, ಚಹಾ ಕೊಟ್ಟಳು, ನಾನು ಬಾಯಿ ಬಿಡುವ ಮೊದಲೇ ಹೇಳಿದಳು. “ನೀವರೆ ಎಷ್ಟ ಮಾಡ್ತೀರ್ರಿ ಅಕ್ಕೋರ. ನಮ್ಮ ಹುಡುಗಿಗೇ ತಲಿ ಇಲ್ಲ.” ನಾನು ಆಗಲೂ ಅವಳಿಗೆ ನಿಜ ಹೇಳಲಿಲ್ಲ. ಹುಡುಗಿ ಪುಣೆಗೆ ಹೋಗಿ ಎಂಟು ದಿನವಾಗಿತ್ತು.